ಪೂರ್ವಿಕರ ಬಳಿಗೆ, ಕಾಲ್ನಡಿಗೆಯಲ್ಲಿ

ಒಬ್ಬ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎಂದು ತಿಳಿಯಲು ನಮ್ಮ ಪೋರ್ತೊ ಕಲಾಮಿಯಲ್ಲಿ ಯಾರೂ ಅವನ ಮನೆಗೆ ಹೋಗುವುದಿಲ್ಲ, ಕರೆಂಟು ಕಂಬ ನೋಡುತ್ತಾರೆ. ಕಂಬದ ಮೇಲೆ ಶಿಲುಬೆಯ ಗುರುತಿನ, ಕಪ್ಪು ಅಂಚಿನ ಕಾಗದ ಅಂಟಿಸಿದ್ದರೆ ಸತ್ತಿದ್ದಾನೆ. ಇಲ್ಲದಿದ್ದರೆ ಬದುಕಿದ್ದಾನೆ, ಬಹುಶಃ ನನ್ನ ಕಾಫಿ ಅಂಗಡಿಯಲ್ಲಿ ಕೂತಿದ್ದಾನೆ. ಊರಿಗೆ ಕಂಬಗಳು ಬಂದಾಗಿನಿಂದ ಈ ಏರ್ಪಾಡು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಮೊದಲ ಸಲ ಕೈಕೊಡುವಂತೆ ಮಾಡಿದ ಕೀರ್ತಿ ಪೂರ್ತಿಯಾಗಿ ಅರ್ಗೀರಿಸ್ ಕಲಾಫಾತಿಸನಿಗೇ ಸಲ್ಲಬೇಕು.

ನಾನು ಗರೂಫಲಿಯಾ. ಗಂಡ ತೀರಿಕೊಂಡ ಮೇಲೆ ಬಂದರಿನ ಎದುರಿನ ಕಾಫಿ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗಿಂತ ಹೆಚ್ಚು ಗೊತ್ತು ಎನ್ನುವವರು ಯಾರಾದರೂ ಇದ್ದರೆ ನನ್ನ ಮುಂದೆ ಬಂದು ಹೇಳಲಿ.

ಅರ್ಗೀರಿಸ್ ಕಸ್ಟಮ್ಸ್ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಮದುವೆಯಾಗಲಿಲ್ಲ. ಅವನಿಗೆ ಹೆಂಡತಿ, ಮಕ್ಕಳು, ನಾಯಿ, ಬೆಕ್ಕು ಎಲ್ಲವೂ ಈ ಊರಿನ ಚರಿತ್ರೆಯೇ. ನಾವು ದೋಣಿ ಕಟ್ಟುವ ಕಲ್ಲುಗಂಬ ಯಾವುದೋ ಕಾಲದ ಸಮುದ್ರದೇವನ ಗುಡಿಯದಂತೆ. ಶಾಲೆಯ ಕಕ್ಕಸಿನ ಕೆಳಗೆ ರೋಮನರ ಸ್ನಾನದ ಮನೆಯಂತೆ. ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಅವನು ಹೇಳಲು ಶುರು ಮಾಡಿದರೆ ಕಪ್ಪಿನಲ್ಲಿದ್ದ ಕಾಫಿ ಆರಿ, ತಳದ ಚರಟ ಒಣಗಿ, ಹೊರಗೆ ನೆರಳು ತಿರುಗಿದರೂ ಮಾತು ಮಾತ್ರ ರೋಮನರನ್ನು ದಾಟುತ್ತಿರಲಿಲ್ಲ. ಅವನ ಟೋಪಿ ತಿರುವಿನಲ್ಲಿ ಕಂಡರೆ ಸಾಕು, ನನ್ನ ಗಿರಾಕಿಗಳಿಗೆಲ್ಲ ಒಟ್ಟಿಗೇ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. ಕ್ಷೌರಿಕ ವಾಂಗೆಲಿಸ್ ಒಮ್ಮೆ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಓಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ನಡುವೆ ಗೋಪುರ ಬಂತು.

ಊರಿನ ತುದಿಯಲ್ಲಿ, ಸ್ಮಶಾನದ ಪಕ್ಕದಲ್ಲೇ, ಸಮುದ್ರಕ್ಕೆ ಮುಖ ಮಾಡಿ ಒಂದು ಹಳೆಯ ಕಲ್ಲಿನ ಗೋಪುರವಿದೆ. ಅದನ್ನು ಕಟ್ಟಿದವರು ವೆನಿಸ್ಸಿನವರು ಎಂದು ಅರ್ಗೀರಿಸ್. ಅಲ್ಲ, ಅವರಾದ ಮೇಲೆ ಬಂದ ತುರ್ಕರು ಎಂದು ಅವನ ಅಣ್ಣ ಸ್ತ್ರಾತೋಸ್. ಸ್ತ್ರಾತೋಸ್ ದೋಣಿ ರಿಪೇರಿ ಮಾಡುವವನು. ಒಂದು ಈಸ್ಟರ್ ದಿನ ಊಟಕ್ಕೆ ಕೂತಾಗ ಈ ಮಾತು ಎದ್ದಿತು. ಕುರಿಮರಿಯ ಮಾಂಸ ತಟ್ಟೆಯಲ್ಲೇ ತಣ್ಣಗಾಯಿತು, ಮೊಸರಿನ ಬಟ್ಟಲು ಗೋಡೆಗೆ ಹೋಯಿತು. ಸ್ತ್ರಾತೋಸ್ ಕೊಲ್ಲಿಯ ಆಚೆ ದಡಕ್ಕೆ ಮನೆ ಬದಲಾಯಿಸಿದ. ಅಂದಿನಿಂದ ಅಣ್ಣತಮ್ಮ ಮಾತಿಲ್ಲ. ಗೋಪುರ ಮಾತ್ರ ಎರಡೂ ದಡಕ್ಕೆ ಚೆನ್ನಾಗಿ ಕಾಣುತ್ತದೆ, ಅದೇ ದೊಡ್ಡ ಅನಿಷ್ಟ.

ಮಾತಿಲ್ಲ ಅಂದರೆ ಅವರಿಬ್ಬರ ನಡುವೆ. ನನ್ನ ಜೊತೆ ಇಬ್ಬರಿಗೂ ಮಾತೇ ಮಾತು. ಮೀನಿನ ಬಲೆಗೆ ದಾರ ಕೊಳ್ಳಲು ಸ್ತ್ರಾತೋಸ್ ಈಚೆ ಬಂದರೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದ: "ಅವನು ಇನ್ನೂ ವೆನಿಸ್ಸೇ ಅಂತಾನಾ?"

"ಹೂಂ ಕಣಪ್ಪಾ."

"ಹಾಗಾದ್ರೆ ನಾನು ಒಳಗೆ ಬರಲ್ಲ."

ಅವನು ಹೋದ ಮೇಲೆ ಅರ್ಗೀರಿಸ್ ಬಂದು ಸುಮ್ಮನೆ ಚಮಚ ತಿರುಗಿಸುತ್ತಾ ಕೂರುತ್ತಿದ್ದ. ಕೊನೆಗೆ, "ಅವನ ಮೊಣಕಾಲು ನೋವು ಹೇಗಿದೆಯಂತೆ?" ಎನ್ನುತ್ತಿದ್ದ. ನಾನು ಬಾಯಿ ತೆರೆಯುವುದರೊಳಗೆ, "ನಾನು ಕೇಳ್ದೆ ಅಂತ ಹೇಳ್ಬೇಡ ಮತ್ತೆ!"

ಹೀಗಿರುವಾಗ ಆ ಶರತ್ಕಾಲದಲ್ಲಿ ಅರ್ಗೀರಿಸನಿಗೆ ಒಂದು ಯೋಚನೆ ಹೊಳೆಯಿತು. ಬೇಸಿಗೆಯಲ್ಲಿ ಬರುವ ಪ್ರವಾಸಿಗಳಿಗೆ ಊರು ತೋರಿಸುವವರು ಇದ್ದಾರೆ, ಊರಿನವರಿಗೇ ಊರು ತೋರಿಸುವವರು ಯಾರೂ ಇಲ್ಲವಲ್ಲ! ಶನಿವಾರ ಎಲ್ಲರನ್ನೂ ಕರೆದು, ಚರ್ಚಿನಿಂದ ಶುರು ಮಾಡಿ, ಸ್ಥಳ ಸ್ಥಳವನ್ನೂ ತೋರಿಸುತ್ತಾ ಗೋಪುರದ ಬುಡಕ್ಕೆ ಬರುವುದು. ಅಲ್ಲಿ ಎಲ್ಲರ ಎದುರಿಗೆ, ಮುಖ್ಯವಾಗಿ ಸ್ತ್ರಾತೋಸನ ಎದುರಿಗೆ, ಕಲ್ಲು ಕಲ್ಲನ್ನೂ ಮುಟ್ಟಿ ತೋರಿಸಿ ವೆನಿಸ್ಸನ್ನು ರುಜುವಾತು ಮಾಡುವುದು.

"ಒಂದು ಸಲ ಅವನು ಬಂದು ನಿಂತು ಕೇಳಿದ್ರೆ ಸಾಕು ಗರೂಫಲಿಯಾ," ಎಂದ. ಆ ಮಾತಿನಲ್ಲಿ ವೆನಿಸ್ಸಿಗಿಂತ ಅಣ್ಣನೇ ಜಾಸ್ತಿ ಇದ್ದ. ಅದು ನನಗೆ ಗೊತ್ತಾಯಿತು, ಆದರೂ ಗೊತ್ತಾಗದವಳಂತೆ ಲೋಟ ತೊಳೆದೆ.

ಅಭ್ಯಾಸಕ್ಕೆಂದು ಅವನು ಬುಧವಾರ ಇಡೀ ದಿನ ಸಮುದ್ರದ ಗಾಳಿಗೆ ಎದುರಾಗಿ ನಿಂತು ಭಾಷಣ ಮಾಡಿದ. ಗುರುವಾರಕ್ಕೆ ಗಂಟಲು ಕಟ್ಟಿತು. ಶನಿವಾರದವರೆಗೆ ಒಂದಕ್ಷರ ಆಡಕೂಡದು ಎಂದು ಪಟ್ಟಣದ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಆದರೆ ಊರಿಗೆ ತಿಳಿಸುವುದು ಹೇಗೆ? ಒಂದೇ ಒಂದು ಫೋನು ಮಾಡಿ ಮುಗಿಸಿಬಿಡೋಣ ಎಂದುಕೊಂಡ. ಯಾರಿಗೆ ಮಾಡಬೇಕು? ಸಾಯಂಕಾಲದೊಳಗೆ ಕಾಗದ ಅಚ್ಚು ಹಾಕಿ, ಊರಿನ ಕಂಬಕಂಬಕ್ಕೂ ತಾವೇ ಅಂಟಿಸಿ ಬರುವವರು ಯಾರಿದ್ದಾರೆ? ಶವಸಂಸ್ಕಾರದ ಅಂಗಡಿ ಇಟ್ಟಿರುವ ಪೊಲಿಖ್ರೋನಿಸ್. ಇಷ್ಟು ಸರಿಯಾಗಿ ಯೋಚನೆ ಮಾಡಿ ಇಷ್ಟು ತಪ್ಪಾಗಿ ನಡೆದುಕೊಳ್ಳುವುದು ಅರ್ಗೀರಿಸನಿಗೆ ಮಾತ್ರ ಸಾಧ್ಯ.

ಫೋನು ಎತ್ತಿದವಳು ಪೊಲಿಖ್ರೋನಿಸನ ಹೆಂಡತಿ ದೆಸ್ಪೋ. ಆ ಕಡೆಯಿಂದ ಗಂಟಲು ಬಿಗಿದ, ಉಸಿರಿನಷ್ಟೇ ದನಿ. ಪಾಪ, ಯಾರೋ ಅತ್ತು ಅತ್ತು ದನಿ ಕಳೆದುಕೊಂಡಿದ್ದಾರೆ ಎಂದುಕೊಂಡಳು. ಆಮೇಲೆ ಅವಳೂ ಅರ್ಗೀರಿಸನೂ ನನ್ನ ಅಂಗಡಿಯಲ್ಲಿ ಕೂತು ಜಗಳವಾಡುತ್ತಾ ಒಪ್ಪಿಸಿದ ಆ ಮಾತುಕತೆ ಹೀಗಿತ್ತು:

"ಯಾರ ಹೆಸರಲ್ಲಿ ಹಾಕ್ಬೇಕು?"

"ಅರ್ಗೀರಿಸ್ ಕಲಾಫಾತಿಸ್."

"ಅಯ್ಯೋ ದೇವರೇ! ವಯಸ್ಸು?"

"ವಯಸ್ಸು ಯಾಕೆ? ಹಾಕ್ಲೇಬೇಕಾ? ಎಪ್ಪತ್ತೊಂದು."

"ಎಂಥಾ ಒಳ್ಳೇ ಮನುಷ್ಯ. ನೀವು ಬಾಳಿ, ಅವರನ್ನ ನೆನೀತಾ ಇರಿ."

"ನೆನೆಯೋದೇ ಮುಖ್ಯ ಅಮ್ಮಾ. ಅದಕ್ಕೇ ಅಲ್ವಾ ಇದೆಲ್ಲಾ ಮಾಡ್ತಿರೋದು."

"ಗಾಡಿ ಬೇಕಾ?"

"ಗಾಡಿ ಯಾಕೆ? ನಡ್ಕೊಂಡೇ."

"ಹಳೇ ಸಂಪ್ರದಾಯ, ಒಳ್ಳೇದು. ಪೆಟ್ಟಿಗೆ?"

ಅರ್ಗೀರಿಸ್ ತನ್ನ ಧ್ವನಿವರ್ಧಕದ ಪೆಟ್ಟಿಗೆಯನ್ನು ನೆನೆದ. "ಪೆಟ್ಟಿಗೆ ಇದೆ. ಪಟ್ಟಣದಿಂದ ತರ್ಸಿದ್ದೀನಿ. ಹೆಗಲ ಮೇಲೆ ಬರುತ್ತೆ."

ಪೆಟ್ಟಿಗೆ ಪಟ್ಟಣದಿಂದ ಎಂದಾಗ ದೆಸ್ಪೋಳ ಅನುಕಂಪ ಅರ್ಧಕ್ಕೆ ಇಳಿಯಿತಂತೆ. ಊರಲ್ಲಿ ಅಷ್ಟು ಒಳ್ಳೆಯ ಪೆಟ್ಟಿಗೆಗಳಿರುವಾಗ! ಪಟ್ಟಣದ ಆಸ್ಪತ್ರೆಯಲ್ಲಿ ಹೋಗಿರಬೇಕು, ಅಲ್ಲಿನವರೇ ತಂದುಕೊಡುತ್ತಾರೆ ಎಂದು ತೀರ್ಮಾನಿಸಿ, ಅವನು ಪಿಸುಗುಟ್ಟಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. ಅವಳ ಯಂತ್ರದಲ್ಲಿ ಕಪ್ಪು ಅಂಚು, ಶಿಲುಬೆ ತಾವಾಗಿಯೇ ಬರುತ್ತವೆ.

ಸಾಯಂಕಾಲ ನನ್ನ ಅಂಗಡಿ ಮುಂದಿನ ಕಂಬದ ಮೇಲೆ ಊರೇ ಸೇರಿ ಓದಿದ್ದು ಇದು: "ಅರ್ಗೀರಿಸ್ ಕಲಾಫಾತಿಸ್, ಎಪ್ಪತ್ತೊಂದು ವರ್ಷ, ನಮ್ಮ ಪೂರ್ವಿಕರ ಬಳಿಗೆ ಹೊರಡುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂತ ನಿಕೋಲಾಸರ ಚರ್ಚಿನಿಂದ ಕಾಲ್ನಡಿಗೆಯಲ್ಲಿ ಹೊರಟು ಗೋಪುರದ ಬಳಿ ಮುಕ್ತಾಯ. ಬಂಧುಮಿತ್ರರು ದಯವಿಟ್ಟು ಬರಬೇಕು. ಅಣ್ಣ ಸ್ತ್ರಾತೋಸ್ ಅವಶ್ಯ ಬರಬೇಕು."

ಆ ಕೊನೆಯ ಸಾಲು ಓದಿ ಹೆಂಗಸರೆಲ್ಲ ಕಣ್ಣಿಗೆ ಕರವಸ್ತ್ರ ಒತ್ತಿದರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಪಕ್ಕದ ಮನೆಯ ಮುದುಕಿ ಮರಿಗೋ ಮಾತ್ರ ನಂಬಲಿಲ್ಲ. "ನಿನ್ನೆ ಮೊನ್ನೆ ಕಿರುಚ್ತಾ ಇದ್ದನಲ್ಲೇ!" ಎಂದು ಹೋಗಿ ಬಾಗಿಲು ಬಡಿದಳು. ಗಂಟಲಿಗೆ ಗಾಳಿ ತಾಗದಂತೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಅರ್ಗೀರಿಸ್ ಒಳಗೇ ಮಲಗಿದ್ದ.

"ಅರ್ಗೀರಿಸ್! ಸತ್ತೋಗಿದ್ದೀಯೇನೋ?" ಎಂದು ಮರಿಗೋ ಕೂಗಿದಳು.

ಆ ಒಂದು ಫೋನು ಬಿಟ್ಟರೆ ಅವನು ಡಾಕ್ಟರ ಮಾತು ಮೀರುವವನಲ್ಲ. ನಮ್ಮ ಕಡೆ ಇಲ್ಲ ಎನ್ನುವುದಕ್ಕೆ ಬಾಯಿ ಬೇಡ, ಹುಬ್ಬು ಮೇಲೆತ್ತಿ ತಲೆ ಹಿಂದಕ್ಕೆ ಎಸೆದರಾಯಿತು. ಅವನು ಹಾಸಿಗೆಯಲ್ಲೇ ಹುಬ್ಬು ಎತ್ತಿದ, ತಲೆ ಎಸೆದ. ಮುಚ್ಚಿದ ಬಾಗಿಲಿನಾಚೆ ಮರಿಗೋ ಸ್ವಲ್ಪ ಹೊತ್ತು ಉತ್ತರಕ್ಕೆ ಕಾದು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ವಾಪಸು ಬಂದಳು. ಹೋದದ್ದು ಖಚಿತವಾಯಿತು.

ಶುಕ್ರವಾರ ಇಡೀ ದಿನ ನನ್ನ ಅಂಗಡಿಯಲ್ಲಿ ಅರ್ಗೀರಿಸನದೇ ಗುಣಗಾನ. ಬದುಕಿದ್ದಾಗ ಅವನಿಂದ ಓಡಿದವರೆಲ್ಲ ಈಗ ಅವನ ಶಿಷ್ಯರು.

"ಎಂಥಾ ಜ್ಞಾನಿ!" ಎಂದು ವಾಂಗೆಲಿಸ್ ಮೂಗು ಒರೆಸಿಕೊಂಡ. "ಆ ತಲೆಯಿಲ್ಲದ ಕಲ್ಲಿನ ಸಿಂಹದ ಕಥೆ ಹೇಳೋಕೆ ಬಂದಿದ್ದ. ನಾನು ಓಡಿಬಿಟ್ಟೆ. ಈಗ ಆ ಸಿಂಹದ ತಲೆ ಎಲ್ಲಿ ಹೋಯ್ತು ಅಂತ ನಂಗೆ ಯಾರು ಹೇಳ್ತಾರೆ?"

"ನಗರಸಭೆಯಿಂದ ಒಂದು ಬೀದಿಗೆ ಅವರ ಹೆಸರಿಡ್ತೀವಿ," ಎಂದರು ಮೇಯರು. ಅರ್ಗೀರಿಸ್ ಬದುಕಿದ್ದಾಗ ಅವನ ಅರ್ಜಿ ನೋಡಿದರೆ ಇವರಿಗೆ ಜ್ವರ ಬರುತ್ತಿತ್ತು.

"ಹೆಸರಿಡ್ತಾರಂತೆ! ಪೆಟ್ಟಿಗೆ ಪಟ್ಟಣದ್ದು!" ಎಂದು ಪೊಲಿಖ್ರೋನಿಸ್ ಮೂಲೆಯಲ್ಲಿ ಗೊಣಗಿದ. ಅವನೊಬ್ಬನೇ ನಿಜವಾಗಿ ನೊಂದವನಂತೆ ಕಾಣುತ್ತಿದ್ದ.

ಆಚೆ ದಡಕ್ಕೆ ಸುದ್ದಿ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಫೋನು ಮಾಡಿದೆ. ಸ್ತ್ರಾತೋಸ್ ದೋಣಿಗೆ ಮೊಳೆ ಹೊಡೆಯುತ್ತಿದ್ದ, ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಹೇಗೋ ಹೇಳಿ ಮುಗಿಸಿದೆ. ಸದ್ದು ನಿಂತಿತು.

"ನನ್ನ ಹೆಸರು ಹಾಕಿದಾನಾ?" ಎಂದ.

"ಅವಶ್ಯ ಬರಬೇಕು ಅಂತ ಹಾಕಿದಾನಪ್ಪಾ."

"ಗೋಪುರದ ವಿಷಯ ಏನಾದ್ರೂ..."

"ಅಲ್ಲೇ ಮುಕ್ತಾಯ ಅಂತ ಇದೆ."

ಅವನು ಫೋನು ಇಡುವುದನ್ನೇ ಮರೆತ. ಅವನು ಅಳುವುದನ್ನು ನಾನು ಕೇಳಿಸಿಕೊಂಡೆ. ಆಮೇಲೆ, ಕೇಳಬಾರದು ಅನಿಸಿ, ನಾನೇ ಇಟ್ಟೆ.

ಶನಿವಾರ ಚರ್ಚಿನ ಮುಂದೆ ಊರಿಗೆ ಊರೇ ಕಪ್ಪು ಬಟ್ಟೆ ಉಟ್ಟು ನಿಂತಿತ್ತು. ಮೇಯರ ಕೈಯಲ್ಲಿ ದೊಡ್ಡ ಪುಷ್ಪಚಕ್ರ. ಬ್ಯಾಂಡಿನವರು ಶವಯಾತ್ರೆಯ ರಾಗಕ್ಕೆ ತುತ್ತೂರಿ ಒರೆಸಿಟ್ಟುಕೊಂಡಿದ್ದರು. ಪಾದ್ರಿ ಲೆಫ್ತೇರಿಸ್ ಧೂಪದ ಪಾತ್ರೆ ಹಿಡಿದಿದ್ದರು. ನಾನು ಸಾವಿನ ಮನೆಗೆ ಕೊಡುವ ಕಹಿ ಕಾಫಿ, ಬ್ರಾಂದಿ, ಒಣ ಬ್ರೆಡ್ಡು ಎಲ್ಲ ಸಿದ್ಧ ಮಾಡಿ ಬಂದಿದ್ದೆ. ಎಲ್ಲರೂ ಪಟ್ಟಣದ ರಸ್ತೆಯ ಕಡೆಗೇ ಮುಖ ಮಾಡಿ ಪೆಟ್ಟಿಗೆಗೆ ಕಾಯುತ್ತಿದ್ದೆವು.

ಪೆಟ್ಟಿಗೆ ಹಿಂದಿನಿಂದ ಬಂತು. ಸಮುದ್ರದ ಕಡೆಯ ಓಣಿಯಿಂದ ಅರ್ಗೀರಿಸ್, ಇಸ್ತ್ರಿ ಮಾಡಿದ ಕಪ್ಪು ಸೂಟಿನಲ್ಲಿ, ಹೆಗಲಿಗೆ ಧ್ವನಿವರ್ಧಕದ ಪೆಟ್ಟಿಗೆ ನೇತುಹಾಕಿಕೊಂಡು ಬಂದು, ಚರ್ಚಿನ ಮೆಟ್ಟಿಲು ಹತ್ತಿ ನಿಂತು ಆ ಜನಸಾಗರ ನೋಡಿದ. ಅವನ ಕಣ್ಣು ತುಂಬಿ ಬಂತು.

"ಬಂಧುಗಳೇ!" ಎಂದ. "ನಾನು ಬದುಕಿರೋವಾಗ್ಲೇ ಇಷ್ಟೊಂದು ಜನ ಬರ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ!"

ಎಲ್ಲರೂ ಒಟ್ಟಿಗೆ ತಿರುಗಿದೆವು. ಮರಿಗೋ ವಾಂಗೆಲಿಸನ ಮೇಲೆ ಬಿದ್ದಳು. ಪಾದ್ರಿಗಳ ಕೈಯಿಂದ ಧೂಪದ ಪಾತ್ರೆ ಜಾರಿತು. ಪೊಲಿಖ್ರೋನಿಸನ ಮುಖ ಮಾತ್ರ ಅರಳಿತು. ಪಟ್ಟಣದ ಪೆಟ್ಟಿಗೆಗಾರ ಸೋತನೆಂದು ಅವನಿಗೆ ಸಮಾಧಾನ.

"ಯಾರಾದ್ರೂ ಹೇಳಿ ಅವನಿಗೆ," ಎಂದು ಮೇಯರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಏನಂತ ಹೇಳೋದು? ನಿನ್ನನ್ನ ಹೂಳೋಕೆ ಬಂದಿದ್ದೀವಿ ಅಂತಾನಾ?" ಎಂದರು ಪಾದ್ರಿ. "ಅವನ ಮುಖ ನೋಡಿ. ಈಗ ಹೇಳಿದ್ರೆ ನಿಜವಾಗ್ಲೂ ಹೋಗ್ತಾನೆ."

ಅಷ್ಟರಲ್ಲಿ ಅರ್ಗೀರಿಸ್ ಪುಷ್ಪಚಕ್ರ ನೋಡಿದ. "ಮೇಯರೇ! ಬಂದರಿಗಾಗಿ ಪ್ರಾಣ ಕೊಟ್ಟವರಿಗೆ ಹೂ ತಂದಿದ್ದೀರಿ! ನಂಗೆ ಹೊಳೆದೇ ಇರ್ಲಿಲ್ಲ ನೋಡಿ." ಮೇಯರು ರಾಜಕಾರಣಿ. ಪುಷ್ಪಚಕ್ರದ ರಿಬ್ಬನ್ನಿನ ಮೇಲಿದ್ದ ಅರ್ಗೀರಿಸನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಗಂಭೀರವಾಗಿ ತಲೆ ಬಾಗಿಸಿದರು.

ಹೀಗೆ ನಮ್ಮ ಊರಿನ ಇತಿಹಾಸದಲ್ಲಿ ಮೊದಲ ಬಾರಿಗೆ, ಸತ್ತವನೇ ಮುಂದೆ ನಿಂತು ತನ್ನ ಶವಯಾತ್ರೆ ನಡೆಸಿದ. ಬ್ಯಾಂಡಿನವರಿಗೆ ಬೇರೆ ರಾಗ ಅಭ್ಯಾಸವಿರಲಿಲ್ಲ, ಅದನ್ನೇ ಬಾರಿಸಿದರು. ಸಂಗೀತ ವಿಷಯಕ್ಕೆ ತಕ್ಕಂತಿದೆ ಎಂದು ಅರ್ಗೀರಿಸ್ ಮೆಚ್ಚಿಕೊಂಡ. ಗುಡಿಯ ಕಂಬ ತೋರಿಸಿದ, ಶಾಲೆಯ ಕಕ್ಕಸನ್ನು ಹೊರಗಿನಿಂದ ತೋರಿಸಿದ. ತಲೆಯಿಲ್ಲದ ಸಿಂಹದ ಬಳಿ ಮೇಯರು ಪುಷ್ಪಚಕ್ರವನ್ನು ಹೆಸರು ಕೆಳಗಾಗುವಂತೆ ಇಟ್ಟು ಕೈ ಖಾಲಿ ಮಾಡಿಕೊಂಡರು. ಸಿಂಹದ ತಲೆಯನ್ನು ಯಾವುದೋ ಹಡಗಿನ ಕಪ್ತಾನ ಕೊಂಡೊಯ್ದನಂತೆ. ವಾಂಗೆಲಿಸ್ ಬಾಯಿ ಬಿಟ್ಟುಕೊಂಡು ಕೇಳಿದ. ಯಾರೂ ಕೆಮ್ಮಲಿಲ್ಲ, ಯಾರಿಗೂ ಮನೆಯಲ್ಲಿ ಕೆಲಸ ನೆನಪಾಗಲಿಲ್ಲ. ಸಾವಿಗೆಂದು ಹೊರಟು ಅರ್ಧದಲ್ಲಿ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಅವನು ಮಾತ್ರ ಪ್ರತಿ ತಿರುವಿನಲ್ಲೂ ಗುಂಪಿನ ಮೇಲೆ ಕಣ್ಣಾಡಿಸುತ್ತಿದ್ದ. ನನ್ನ ಹತ್ತಿರ ಬಂದು ಮೆಲ್ಲಗೆ, "ಅವನು ಬರ್ಲಿಲ್ಲ ಅಲ್ವಾ?" ಎಂದ. "ನಡಿ ಮುಂದೆ," ಎಂದೆ.

ಸ್ತ್ರಾತೋಸ್ ಬಂದಿದ್ದ. ತಮ್ಮನ ಪೆಟ್ಟಿಗೆಯನ್ನು ಚರ್ಚಿನಲ್ಲಿ ನೋಡುವ ಧೈರ್ಯವಿಲ್ಲದೆ ದೋಣಿ ಹಾಕಿಕೊಂಡು ನೇರವಾಗಿ ಗೋಪುರಕ್ಕೇ ಬಂದಿದ್ದ. ನಾವು ತಲುಪಿದಾಗ ಆ ಮುದುಕ ನಮ್ಮ ಕಡೆ ಬೆನ್ನು ಹಾಕಿ, ಗೋಪುರದ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಶವಯಾತ್ರೆಯ ರಾಗ ಹತ್ತಿರವಾದದ್ದು ಕೇಳಿ, ತಿರುಗದೆಯೇ, ದನಿ ಎತ್ತಿ ಹೇಳಿದ:

"ಬಂದ್ಯಾ ಪುಟ್ಟಾ? ಕೇಳು. ಊರೆಲ್ಲಾ ಕೇಳ್ಲಿ. ಇದನ್ನ ಕಟ್ಟಿದ್ದು ವೆನಿಸ್ಸಿನವರು. ನೀನು ಹೇಳಿದ್ದೇ ಸರಿ. ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣೋ. ಒಪ್ಕೊಳ್ಳೋಕೆ ನಾಲಿಗೆ ಬರ್ಲಿಲ್ಲ. ಆ ದರಿದ್ರ ಕಲ್ಲಿಗೋಸ್ಕರ ನಿನ್ನ ಮುಖ ನೋಡ್ದೇ ಕೂತೆ."

ಬ್ಯಾಂಡು ನಿಂತಿತು. ಅರ್ಗೀರಿಸನ ಹೆಗಲಿನಿಂದ ಪೆಟ್ಟಿಗೆ ಜಾರಿತು. ಆದರೂ ಅವನು ಅರ್ಗೀರಿಸ್ ತಾನೇ? "ನೀವೆಲ್ಲಾ ಸಾಕ್ಷಿ!" ಎಂದು ಕಿರುಚಿದ.

ಸ್ತ್ರಾತೋಸ್ ತಿರುಗಿದ. ತಮ್ಮನನ್ನು ನೋಡಿದ. ಹತ್ತಿರ ಬಂದು ಅವನ ಕೆನ್ನೆ ಮುಟ್ಟಿದ, ಕಿವಿ ಹಿಡಿದು ಎಳೆದ, ಎದೆಗೆ ಕೈಯಿಟ್ಟು ನೋಡಿದ. ಆಮೇಲೆ ಬಾಚಿ ತಬ್ಬಿಕೊಂಡು ಹೋ ಎಂದು ಅತ್ತ. ಅಷ್ಟು ದೊಡ್ಡ ಆಳು ಹಾಗೆ ಅಳುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅತ್ತು ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕಣ್ಣೊರೆಸಿಕೊಂಡ.

"ಬದುಕಿದ್ದೀಯಾ?"

"ಯಾಕಣ್ಣಾ, ಬದುಕಿರ್ಬಾರ್ದಾ?"

"ಹಾಗಾದ್ರೆ ಕಟ್ಟಿದ್ದು ತುರ್ಕರು!"

ಗೋಪುರದ ಪಕ್ಕದ ಕಂಬದ ಮೇಲೂ ಆ ಕಾಗದವಿತ್ತು. ಸ್ತ್ರಾತೋಸ್ ತಮ್ಮನ ಕತ್ತು ಹಿಡಿದು ಅದರ ಮುಂದೆ ನಿಲ್ಲಿಸಿದ. ಅರ್ಗೀರಿಸ್ ಶಿಲುಬೆ ನೋಡಿದ, ಕಪ್ಪು ಅಂಚು ನೋಡಿದ, ತನ್ನ ಹೆಸರು ಓದಿದ. ನಮ್ಮ ಕಪ್ಪು ಬಟ್ಟೆಗಳನ್ನು ಒಂದೊಂದಾಗಿ ನೋಡುತ್ತಾ ಬಂದ. ಅವನ ಮುಖ ಇಳಿದು ಹೋಯಿತು.

"ಅಂದ್ರೆ... ನೀವ್ಯಾರೂ ಚರಿತ್ರೆ ಕೇಳೋಕೆ ಬಂದಿದ್ದಲ್ಲ."

ನನಗೆ ತಡೆಯಲಾಗಲಿಲ್ಲ. "ಅಯ್ಯೋ ಮಂಕೇ, ಚರಿತ್ರೆ ಕೇಳೋಕೆ ಯಾರು ಬರ್ತಾರೋ? ನಾವು ಬಂದಿದ್ದು ನಿನಗೋಸ್ಕರ. ಇದಕ್ಕಿಂತ ಇನ್ನೇನು ಬೇಕು ನಿಂಗೆ? ಬಾ, ಕಾಫಿ ಆರಿಹೋಗುತ್ತೆ," ಎಂದೆ.

ಆ ದಿನ ನನ್ನ ಅಂಗಡಿಯಲ್ಲಿ ಅವನ ಸಾವಿನ ಬ್ರಾಂದಿಯನ್ನು ಅವನೂ ಕುಡಿದ. ಅಣ್ಣತಮ್ಮ ಒಂದೇ ಮೇಜಿಗೆ ಕೂತರು, ಕೂತವರು ಏಳಲಿಲ್ಲ. ಮರುದಿನವೂ ಬಂದರು. ಆಮೇಲೆ ದಿನವೂ. "ಎಲ್ಲರ ಮುಂದೆ ಒಪ್ಕೊಂಡಿದ್ದೀಯ!" "ಸತ್ತವನಿಗೆ ಹೇಳಿದ್ದು, ಬದುಕಿರೋನಿಗೆ ಅನ್ವಯಿಸಲ್ಲ!" ಈ ಗಲಾಟೆಗೆ ನನ್ನ ಗಿರಾಕಿಗಳು ಮತ್ತೆ ಹಿಂಬಾಗಿಲು ಹುಡುಕತೊಡಗಿದರು. ನಾನು ಮಾತ್ರ ಯಾರನ್ನೂ ಗದರಲಿಲ್ಲ. ಮೇಯರು ಬೀದಿಯ ವಿಷಯ ಮತ್ತೆ ಎತ್ತಲಿಲ್ಲ.

ಅದಾದ ಎರಡನೆಯ ಚಳಿಗಾಲದಲ್ಲಿ ಕಂಬದ ಮೇಲೆ ಸ್ತ್ರಾತೋಸನ ಕಾಗದ ಬಂತು. ಊರವರು ಅದನ್ನು ಓದಿ, ಒಬ್ಬರ ಮುಖ ಒಬ್ಬರು ನೋಡಿ, ನನ್ನ ಅಂಗಡಿಗೆ ಬಂದು, "ಗರೂಫಲಿಯಾ, ಇದು ನಿಜವಾದದ್ದೋ, ಸುತ್ತಾಟದ್ದೋ?" ಎಂದು ಕೇಳಿದರು. ನಿಜವಾದದ್ದು ಎಂದೆ. ಪೆಟ್ಟಿಗೆ ಪೊಲಿಖ್ರೋನಿಸನದ್ದೇ, ಒಳ್ಳೆಯ ಮರದ್ದು.

ಚರ್ಚಿನಲ್ಲಿ ಕೊನೆಯ ಮುತ್ತು ಕೊಡುವ ಸಾಲಿನಲ್ಲಿ ನಾನು ಅರ್ಗೀರಿಸನ ಹಿಂದೆಯೇ ನಿಂತಿದ್ದೆ. ಆ ಬಾಯಿಬಡುಕ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಪೆಟ್ಟಿಗೆಯ ಮೇಲೆ ಬಾಗಿ ಅಣ್ಣನ ಹಣೆಗೆ ಮುತ್ತು ಕೊಟ್ಟ. ಕಿವಿಯ ಹತ್ತಿರ ಬಾಯಿ ತಂದು, ಪಿಸುಮಾತಿನಲ್ಲಿ, "ಆಯ್ತಣ್ಣಾ. ತುರ್ಕರೇ ಕಟ್ಟಿದ್ದು," ಎಂದ.

ಕಣ್ಣೀರು ಒರೆಸಿಕೊಳ್ಳುತ್ತಾ ಮುಂದೆ ಹೋದ. ನಾನು ಬಾಗುವಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ವಾಪಸು ಬಂದ.

"ಮೇಲಿನ ಅರ್ಧ ಮಾತ್ರ," ಎಂದ.